ಉಣ್ಣೆ ಹಾರುವ ಮನೆ

ನಮ್ಮ ಮನೆಯಲ್ಲಿ ಮುದ್ದೆ ಮುರಿದರೆ ಒಳಗೊಂದು ಕೂದಲು ಇರುತ್ತಿತ್ತು. ಮನುಷ್ಯರದಲ್ಲ, ಕುರಿಯದು. ಕರಿಯದಾದರೆ ರಾಗಿಯ ಬಣ್ಣದಲ್ಲಿ ಅಡಗಿ ಕೂತು, ನಾಲಿಗೆಗೆ ಸಿಕ್ಕಿದ ಮೇಲಷ್ಟೇ ತಾನಿದ್ದೇನೆಂದು ತಿಳಿಸುತ್ತಿತ್ತು. ಬಿಳಿಯದಾದರೆ ಮೊದಲೇ ಕಣ್ಣಿಗೆ ಬಿದ್ದು ಹಸಿವನ್ನು ಕೊಂದುಹಾಕುತ್ತಿತ್ತು. ಹುರುಳಿ ಸಾರಿನ ಮೇಲೆ ತೇಲುವ ಎಳೆ, ನೀರಿನ ಗಡಿಗೆಯ ಬಾಯಿಗೆ ಅಂಟಿದ ಎಳೆ, ಮಜ್ಜಿಗೆ ಕುಡಿದು ಮುಗಿಸಿದಾಗ ಲೋಟದ ತಳದಲ್ಲಿ ಸುರುಳಿ ಸುತ್ತಿಕೊಂಡು ಮಲಗಿದ ಎಳೆ. ನಾನು ತಟ್ಟೆ ಸರಿಸಿದರೆ ಅಜ್ಜಿ ತನ್ನ ಬೆರಳು ಅದ್ದಿ ಕೂದಲನ್ನು ಎತ್ತಿ, ಸೆರಗಿಗೆ ಒರೆಸಿಕೊಂಡು, ಅದೇ ಬೆರಳಿನಿಂದ ತಟ್ಟೆಯನ್ನು ನನ್ನ ಕಡೆ ತಳ್ಳುತ್ತಿದ್ದಳು. ಆ ಸೆರಗಿನಲ್ಲಿ ಅದಕ್ಕಿಂತ ಹೆಚ್ಚು ಕೂದಲಿರುತ್ತಿತ್ತು.

"ತಿನ್ನೇ. ಕುರಿ ಕೂದ್ಲು ಒಟ್ಟೆಗೋದ್ರೆ ಏನೂ ಆಗಕಿಲ್ಲ. ನಿಮ್ಮಪ್ಪ ಇದ್ನೇ ತಿಂದು ಬೆಳ್ದವ್ನೆ."

"ನಂಗೆ ವಾಂತಿ ಬತ್ತದಜ್ಜಿ."

"ಬಂದ್ರೆ ಬರ್ಲಿ. ಆಮೇಕೆ ಇನ್ನೊಂದು ಮುದ್ದೆ ತಿನ್ನು."

ಬಡವನಹಳ್ಳಿಯಿಂದ ಗಾಡಿ ಜಾಡು ಹಿಡಿದು ಒಳಗೆ ನಡೆದರೆ ಸಿಗುವ ಊರು ನಮ್ಮದು. ಕುರಿ ಸಾಕುವ, ಕಂಬಳಿ ನೇಯುವ ಮಂದಿ ನಾವು. ಮನೆಯೆಂದರೆ ಮಣ್ಣಿನ ಮಾಳಿಗೆಯ ಕೆಳಗೆ ಉದ್ದಕ್ಕೆ ಒಂದೇ ಕೋಣೆ. ಆ ಕೊನೆಗೆ ಒಲೆ, ಈ ಕೊನೆಗೆ ನೆಲದಲ್ಲಿ ಗುಂಡಿ ತೋಡಿ ಕೂರಿಸಿದ ಮಗ್ಗ, ನಡುವೆ ನಾವು. ಮಗ್ಗದ ಹಿಂದಿನ ಗೋಡೆಗೆ ಉಣ್ಣೆಯ ಗುಡ್ಡ. ಅಪ್ಪ ಬಿಲ್ಲಿನ ಹುರಿಯನ್ನು ಉಣ್ಣೆಯೊಳಗೆ ತೂರಿಸಿ ಮೀಟಿ ಹಿಂಜುವಾಗ ಟೊಂಯ್ ಟೊಂಯ್ ಎಂಬ ಸದ್ದಿನ ಜೊತೆಗೆ ನವಿರು ಮೇಲೇಳುತ್ತಿತ್ತು. ಮಾಳಿಗೆಯಲ್ಲಿ ಅಂಗೈಯಗಲದ ಒಂದೇ ಬೆಳಕಿಂಡಿ. ಅದರಿಂದ ಇಳಿದ ಬಿಸಿಲಿನ ಕೋಲಿನಲ್ಲಿ ಮಾತ್ರ ನೋಡಬೇಕು, ಗಾಳಿ ಎಂದು ನಾವು ಎಳೆದುಕೊಳ್ಳುತ್ತಿದ್ದುದು ಏನೆಂದು. ಅಷ್ಟು ದಟ್ಟವಾಗಿ ಕೂದಲ ಚೂರು, ಹಿಕ್ಕೆಯ ಪುಡಿ, ಕುರಿಯ ಮೈಯ ಹೊಟ್ಟು ಅಲ್ಲಿ ಕುಣಿಯುತ್ತಿದ್ದವು. ಚಿಕ್ಕವಳಿದ್ದಾಗ ಆ ಕೋಲನ್ನು ಹಿಡಿಯಲು ಹೋಗಿ ಸೀನುತ್ತಿದ್ದೆನಂತೆ. ಎಲ್ಲರೂ ನಗುತ್ತಿದ್ದರಂತೆ.

ನೋಟಕ್ಕಿಂತ ವಾಸನೆ ಕೆಟ್ಟದ್ದು. ಕುರಿ ತೊಳೆದು ಕತ್ತರಿಸಿದ ಉಣ್ಣೆ ಅರ್ಧ ಒಣಗಿದಾಗ ಕೊಡುವ ಒಂದು ಹುಳಿ ಕಮಟು ಇದೆ. ಅದರ ಮೇಲೆ, ಮಂಕರಿ ಕವುಚಿ ಒಳಗೇ ಇಟ್ಟುಕೊಂಡ ಎಳೆ ಮರಿಗಳ ಉಚ್ಚೆಯದು. ಅದರ ಮೇಲೆ ಹುಣಸೆ ಬೀಜದ ಗಂಜಿಯದು. ನೂಲು ಗಟ್ಟಿಯಾಗಲೆಂದು ಹುಣಸೆ ಬೀಜ ಅರೆದು ಕಾಯಿಸಿ, ಮಗ್ಗಕ್ಕೆ ಹಾಸಿದ ನೂಲಿಗೆ ಬಳಿಯುತ್ತಾರೆ. ಮಿಕ್ಕಿದ ಗಂಜಿಯನ್ನು ಅಜ್ಜಿ ಚೆಲ್ಲುತ್ತಿರಲಿಲ್ಲ. ಮೂರು ದಿನ ಇಟ್ಟ ಗಂಜಿಯ ಮೇಲೆ ಬೂದುಬಣ್ಣದ ಬೂಷ್ಟು ತುಪ್ಪಳದ ಹಾಗೆ ಎದ್ದಿರುತ್ತಿತ್ತು. ಅಜ್ಜಿ ಅದನ್ನು ಕೈಯಿಂದ ಬಳಿದು ಗೋಡೆಗೆ ಒರೆಸಿ, ಕೆಳಗಿನದನ್ನು ಮತ್ತೆ ಬಳಸುತ್ತಿದ್ದಳು. ಗೋಡೆಗೆ ಅಂಟಿದ್ದನ್ನು ನೆಕ್ಕಲು ಸಂಜೆಗೆಲ್ಲ ಜಿರಲೆಗಳು ಸಾಲು ಬರುತ್ತಿದ್ದವು. ಸಾಲದ್ದಕ್ಕೆ ಒಲೆಯ ಹೊಗೆ. ಹಸಿ ಜಾಲಿ ಸೌದೆ, ಒಣ ಹಿಕ್ಕೆ, ಹೊರಗೆ ಹೋಗಲು ಅಂಗೈಯಗಲದ ದಾರಿ. ಈ ಎಲ್ಲವನ್ನೂ ಸೇರಿಸಿ ನನ್ನ ಮನೆ. ಬಾಲ್ಯದ ಮನೆಯ ಕಂಪನ್ನು ನೆನೆದು ಕಣ್ಣು ತುಂಬಿಕೊಳ್ಳುವವರನ್ನು ಕಂಡಾಗ ನಾನು ಎದ್ದು ಆಚೆ ಹೋಗುತ್ತೇನೆ. ಐವತ್ತು ದಾಟಿದ ಮೇಲೂ ಆ ಕಮಟು ಎಲ್ಲಾದರೂ ಮೂಗಿಗೆ ಬಿದ್ದರೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತೇನೆ, ಅಷ್ಟೆ.

ಅಪ್ಪನ ಸೀನು ಆ ಬೀದಿಗೇ ಗೊತ್ತು. ಬೆಳಗ್ಗೆ ಎದ್ದವನೇ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತರೆ ಹದಿನೈದು, ಇಪ್ಪತ್ತು ಸೀನು. ಮೂಗಿನಿಂದ ಇಳಿದದ್ದನ್ನು ಮೊಣಕೈಯಿಂದ ಒರೆಸಿಕೊಂಡು ಲಾಳಿ ಎಸೆಯುತ್ತಿದ್ದ. ಎದುರು ಮನೆಯವರು, "ಸಿದ್ದಪ್ಪ ಎದ್ದ, ಇನ್ನು ಹಾಲು ಕರೀಬೋದು" ಎನ್ನುತ್ತಿದ್ದರು. ಅವನಿಗೆ ಬರೀ ಸೀನು. ನನಗೆ ಹುಟ್ಟಿದ ವರ್ಷವೇ ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂದೆ ತುರಿಕೆ ಹತ್ತಿತ್ತು. ಕೆರೆದು ಕೆರೆದು ರಸಿಕೆ ಸೋರಿ, ಅದರ ಮೇಲೆ ಉಣ್ಣೆ ಕೂತು, ಒಣಗಿದ ಮೇಲೆ ಕೀಳಲು ಹೋದರೆ ಚರ್ಮವೂ ಬರುತ್ತಿತ್ತು. ಆಮೇಲೆ ಸೀನು. ಐದು ತುಂಬುವ ಹೊತ್ತಿಗೆ ಉಸಿರು. ಎದೆಯಲ್ಲಿ ಬೆಕ್ಕು ಗುರುಗುಟ್ಟಿದ ಹಾಗೆ ಶುರುವಾಗಿ, ಸಿಳ್ಳಾಗಿ, ಕೊನೆಗೆ ಸದ್ದೂ ಇಲ್ಲದಾಗುತ್ತಿತ್ತು. ಗೂರಲು ಎಂದರು ಊರವರು. ಮುದುಕರಿಗೆ ಬರುವ ಗೂರಲು ಹೆಣ್ಣುಮಗುವಿಗೆ ಬಂತಲ್ಲ ಎಂದು ಮೂಗಿನ ಮೇಲೆ ಬೆರಳಿಟ್ಟರು.

ನಮ್ಮ ಮನೆಯಲ್ಲಿ ಎಲ್ಲ ಕಾಯಿಲೆಗೂ ಒಂದೇ ಉತ್ತರ, ಕಂಬಳಿ. ಹೆತ್ತರೆ ಕಂಬಳಿಯ ಮೇಲೆ, ಹಬ್ಬದಲ್ಲಿ ನಮ್ಮ ದೇವರು ಬೀರಪ್ಪನನ್ನು ಕೂರಿಸುವುದು ಕಂಬಳಿಯ ಮೇಲೆ, ಜ್ವರ ಬಂದರೆ ಕಂಬಳಿಯ ಒಳಗೆ. ಅದರಲ್ಲೂ ಮಕ್ಕಳಿಗೆಂದು ಬೇರೆಯೇ ಒಂದಿತ್ತು. ಕುರಿಮರಿಗೆ ಮೊದಲ ಸಲ ಕತ್ತರಿ ಹಾಕಿದಾಗ ಬರುವ ಮೆತ್ತನೆಯ ಕರಿ ಉಣ್ಣೆಯನ್ನು ಮಾರಬಾರದು. ಅದನ್ನು ನೀರಿಗೂ ಹಾಕಬಾರದು, ತೊಳೆದರೆ ಅದರ ಸತ್ವ ಹೋಗುತ್ತದೆ. ಹಾಗೇ ನೂತು, ಹಾಗೇ ನೇಯ್ದು, ಮನೆಯ ಮಗುವಿಗೆ ಹೊದಿಸಬೇಕು. ನನಗೂ ಅಜ್ಜಿ ಅಂಥದ್ದೊಂದನ್ನು ತಾನೇ ನೂತಿದ್ದಳು. ಉಬ್ಬಸ ಬಂದ ತಕ್ಷಣ ಅಜ್ಜಿಗೆ ಎಲ್ಲಿಲ್ಲದ ಚುರುಕು. ಬೆಳಕಿಂಡಿಗೆ ಕಲ್ಲು ಮುಚ್ಚುತ್ತಿದ್ದಳು, ಗಾಳಿ ಹೊಗಬಾರದೆಂದು. ಕೆಂಡಕ್ಕೆ ಬೇವಿನ ಸೊಪ್ಪು ಹಾಕುತ್ತಿದ್ದಳು. ನನ್ನನ್ನು ತೊಡೆಯ ನಡುವೆ ಕೂರಿಸಿಕೊಂಡು, ಆ ತೊಳೆಯದ ಕಂಬಳಿಯನ್ನು ತಲೆಯಿಂದ ಕಾಲಿನವರೆಗೆ ಸುತ್ತಿ, ಮೇಲಿಂದ ತನ್ನ ಎರಡೂ ತೋಳುಗಳಿಂದ ಬಿಗಿಯುತ್ತಿದ್ದಳು. ಮುಖಕ್ಕೆ ಒತ್ತಿಕೊಂಡ ಜಿಡ್ಡು, ಕಣ್ಣಿಗೆ ಚುಚ್ಚುವ ಕೂದಲು, ಒಣಗಿದ ಹಿಕ್ಕೆಯ ಉಂಡೆಯೊಂದು ತುಟಿಗೆ ಸಿಕ್ಕಿದ್ದು, ಇವೆಲ್ಲ ನನಗೆ ನಿನ್ನೆಯ ಹಾಗಿದೆ. ನನ್ನ ಕಫ ಅದರ ಮೇಲೇ ಬೀಳುತ್ತಿತ್ತು. ಅಜ್ಜಿ ಅದನ್ನು ಕಂಬಳಿಗೇ ಉಜ್ಜಿ, ಆ ಮಗ್ಗುಲನ್ನು ಹೊರಗೆ ತಿರುಗಿಸಿ ಮತ್ತೆ ಹೊದಿಸುತ್ತಿದ್ದಳು. ಬೆಳಗಾಗುವ ಹೊತ್ತಿಗೆ ಹೇಗೋ ಉಸಿರು ಮರಳಿದರೆ ಕಂಬಳಿಗೆ ಕೈಮುಗಿಯುತ್ತಿದ್ದಳು. ನಾನೂ ಮುಗಿಯಬೇಕಿತ್ತು.

ಔಷಧಿ ಎಂದು ತಿನ್ನಿಸಿದ್ದನ್ನು ಬರೆಯಲು ಇವತ್ತಿಗೂ ಕೈ ಹಿಂದೇಟು ಹಾಕುತ್ತದೆ. ಪಾವಗಡದ ಕಡೆಯಿಂದ ತೆಲುಗು ಬೆರೆಸಿ ಮಾತಾಡುವ ನಾಟಿ ಮದ್ದಿನವನೊಬ್ಬ ಬರುತ್ತಿದ್ದ. ಅವನ ಚೀಲದಲ್ಲಿ ಬೇರು, ಕೊಂಬು, ಎಲುಬು. ಒಂದು ಸಲ ಅಜ್ಜಿಯ ಮಾತಿಗೆ ಕಟ್ಟುಬಿದ್ದು ಸತ್ತ ಬಾವಲಿಯನ್ನೇ ತಂದ. ರೆಕ್ಕೆ ಬಿಡಿಸಿ ನೆಲದ ಮೇಲೆ ಇಟ್ಟಾಗ ಅದರ ಮುಖ ಚಿಕ್ಕ ನಾಯಿಮರಿಯ ಹಾಗಿತ್ತು.

"ಗಬ್ಬಿಲಂ ಮಾಂಸ ಅಮ್ಮಾ. ಮೂರೇ ಮೂರು ದಿನ. ಆಯಾಸಂ, ಈ ಗೂರಲು ಅನ್ನೋದು ಈ ಪಾಪನ ಕಡೆ ತಿರುಗಿ ಕೂಡ ನೋಡಲ್ಲ."

"ಮೂರು ದಿನಕ್ಕೆ ಒಂದೇ ಬಾವ್ಲಿ ಸಾಕೇನಪ್ಪ?"

"ಬೇಕಂಟೇ ನಾಳೆ ಇನ್ನೊಂದು ತರ್ತೀನಿ."

ಅವ್ವ ಬಾಗಿಲಾಚೆ ಹೋಗಿ ನಿಂತಳು. ಅಜ್ಜಿಯೇ ಬೇಯಿಸಿದಳು. ಮೆಣಸು, ಉಪ್ಪು, ಬೆಳ್ಳುಳ್ಳಿ ಹಾಕಿ ಚೆನ್ನಾಗಿಯೇ ಬೇಯಿಸಿರಬೇಕು, ಅಡಿಗೆಯಲ್ಲಿ ಅವಳ ಕೈ ಒಳ್ಳೆಯದು. ಮೂಗು ಹಿಡಿದು ಬಾಯಿಗೆ ಹಾಕಿದರು. ಅದನ್ನು ನಾನು ಮುಂದಿನ ಕ್ಷಣವೇ ಅಪ್ಪ ಹಾಸಿದ ನೂಲಿನ ಮೇಲೆ ಕಕ್ಕಿದೆ. ನೂಲಿಗೆ ಮೈಲಿಗೆಯಾಯಿತೆಂದು ಅಜ್ಜಿ ಒಂದು ಏಟು ಕೊಟ್ಟಳು, ಆಮೇಲೆ ಅತ್ತಳು, ಆಮೇಲೆ ಮಿಕ್ಕಿದ್ದನ್ನು ತಿನ್ನಿಸಿದಳು. ಅಜ್ಜಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲವೆಂದು ಯಾರೂ ತಿಳಿಯಬಾರದು. ಆ ಮನೆಯಲ್ಲಿ ನಾನು ಉಸಿರಾಡಬೇಕೆಂದು ಅವಳಷ್ಟು ಹಟ ಹಿಡಿದವರು ಬೇರೆ ಇರಲಿಲ್ಲ. ಹೇಸಿಗೆಯ ಮಾತೆಂದರೆ ಅದೇ. ನನ್ನನ್ನು ಉಸಿರುಗಟ್ಟಿಸಿದ್ದೆಲ್ಲ ಪ್ರೀತಿಯ ಕೈಯಿಂದಲೇ ಬಂತು.

ನನಗೆ ಎಂಟು ನಡೆಯುವಾಗ ಮದಲೂರಿನಲ್ಲಿ ಸೋದರಮಾವನ ಮದುವೆಯಾಯಿತು. ಅವ್ವನ ತವರು ಕೆರೆಯ ಕೆಳಗೆ ಬೇಸಾಯ ಮಾಡುವವರ ಮನೆ. ಕುರಿಯಿಲ್ಲ, ಮಗ್ಗವಿಲ್ಲ. ಹೊಗೆ ಹೋಗಲು ಒಲೆಯ ಮೇಲೆ ಗೂಡು ಕಟ್ಟಿದ್ದರು. ಮದುವೆಗೆಂದು ಹೋದವರು ಇಪ್ಪತ್ತು ದಿನ ಉಳಿದೆವು. ಇಪ್ಪತ್ತು ದಿನವೂ ನಾನು ಅಂಗಾತ ಮಲಗಿ ನಿದ್ದೆ ಮಾಡಿದೆ. ಮಲಗಿ ನಿದ್ದೆ ಮಾಡುವುದು ಅಷ್ಟು ಸುಲಭವೆಂದು ನನಗೆ ತಿಳಿದಿರಲಿಲ್ಲ. ನಾನು ಕೂತೇ ನಿದ್ದೆ ಮಾಡುತ್ತಿದ್ದವಳು. ಏರಿಯ ಮೇಲೆ ಓಡಿದೆ, ಕೂಗಿದೆ. ಮುದ್ದೆ ಮುರಿದು ಒಳಗೆ ಏನೂ ಇಲ್ಲದ್ದನ್ನು ಕಂಡು ಮತ್ತೆ ಮತ್ತೆ ಮುರಿದು ನೋಡಿದೆ. ಅವ್ವ ನನ್ನ ಮೊಣಕೈ ಮಡಿಕೆಯನ್ನು ದಿನವೂ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ರಸಿಕೆ ಒಣಗಿ ಹೊಸ ಚರ್ಮ ಬಂದಿತ್ತು. ಊರಿಗೆ ಮರಳಿದೆವು. ಎರಡನೆಯ ದಿನ ಅಪ್ಪ ಬಿಲ್ಲು ಹಿಡಿದ. ಮಧ್ಯಾಹ್ನಕ್ಕೆಲ್ಲ ನನ್ನ ಭುಜಗಳು ಕಿವಿಯವರೆಗೆ ಏರಿದ್ದವು.

"ಅಲ್ಲಿ ಇಪ್ಪತ್ತು ದಿನ ಚೆನ್ನಾಗಿದ್ಲಲ್ಲ ಅತ್ತೆ. ಇಲ್ಲಿ ಬಂದ್ರೆ ಯಾಕಿಂಗೆ?" ಎಂದು ಅವ್ವ ಕೇಳಿದಳು. ಅವಳು ಅತ್ತೆಗೆ ಎದುರು ಮಾತಾಡಿದ್ದು ಅದೇ ಮೊದಲು.

"ನಿಮ್ಮಪ್ಪನ ಮನೆ ನೀರು ಅಮೃತ ಕಣಮ್ಮ, ನಮ್ಮನೇದು ವಿಷ. ಅಂಗೇ ತಾನೆ ನೀನು ಏಳೋದು?"

"ಅಂಗಲ್ಲ ಅತ್ತೆ."

"ತವರಿಗೋಗಕ್ಕೆ ಒಂದು ನೆಪ ಬೇಕಿತ್ತು, ಸಿಕ್ತು. ಮಗೀನ ಉಸುರು ಇಟ್ಕೊಂಡು ಆಟ ಆಡಬ್ಯಾಡ."

ಅವ್ವ ಮಾರನೆಯ ಬೆಳಗ್ಗೆ ತಲೆ ಬಾಚಿ, ನನಗೂ ಬಾಚಿ, ಅಪ್ಪನ ಮುಂದೆ ನಿಂತಳು. ಮಧುಗಿರಿಯ ಆಸ್ಪತ್ರೆಗೆ ಹೋಗಲು ಬಸ್ಸು ಇತ್ತು. ಅಪ್ಪ ಒಂದು ನಿಮಿಷ ನನ್ನ ಎದೆಯ ಗುಳಿಗಳನ್ನು ನೋಡಿ ಎದ್ದ. ಅಜ್ಜಿಯೂ ಹೊರಟಳು, ಯಾವನೋ ಕಾಣದವನ ಕೈಗೆ ಮೊಮ್ಮಗಳನ್ನು ಕೊಡಲಾಗದೆಂದು. ಬಿಸಿಲಲ್ಲೂ ನನಗೆ ಆ ಕಂಬಳಿ ಹೊದಿಸಿಕೊಂಡೇ ಬಂದಳು.

ಡಾಕ್ಟರು ತೆಳ್ಳಗಿನ ಮನುಷ್ಯ. ಮೊದಲು ಸೂಜಿ ಚುಚ್ಚಿದರು. ಅದು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಯಾರೋ ಎದೆಗೆ ಕಟ್ಟಿದ ಹಗ್ಗ ಬಿಚ್ಚಿದ ಹಾಗಾಯಿತು. ಆಮೇಲೆ ಅವರು ನನ್ನ ಎದೆಗಿಂತ ಹೆಚ್ಚಾಗಿ ಮೊಣಕೈಯನ್ನೇ ನೋಡಿದರು. ಮನೆಯಲ್ಲಿ ಯಾರಿಗೆ ಸೀನು ಬರುತ್ತದೆಂದು ಕೇಳಿದರು. ಅಪ್ಪ ಅಪರಾಧಿಯ ಹಾಗೆ ಕೈಯೆತ್ತಿದ.

"ಈ ತುರಿಕೆ, ಸೀನು, ಉಬ್ಬಸ, ಮೂರೂ ಒಂದೇ ಮನೆಯ ಮಕ್ಕಳು ಕಣ್ರೀ. ನಿಮಗೆ ಒಂದು ಬಂತು, ನಿಮ್ಮ ಮಗಳಿಗೆ ಮೂರೂ ಬಂತು. ಮನೇಲಿ ಏನು ಕೆಲಸ?"

"ಕಂಬ್ಳಿ ನೇಯ್ತೀವಿ ಸಾಮಿ."

"ಎಲ್ಲಿ?"

"ಒಳಗೇ."

"ಇವಳು ಮಲಗೋದೆಲ್ಲಿ?"

"ಅಲ್ಲೇ ಸಾಮಿ."

ಡಾಕ್ಟರು ನನ್ನ ಮೇಲಿದ್ದ ಕಂಬಳಿಯ ಒಂದು ತುದಿಯನ್ನು ಎರಡು ಬೆರಳಲ್ಲಿ ಎತ್ತಿ, ಕೆಳಗೆ ಬಿಟ್ಟರು. ಬಿಟ್ಟ ಜಾಗದಿಂದ ದೂಳು ಎದ್ದಿತು. ನಾನು ಸೀನಿದೆ.

"ನೋಡಿದ್ರಾ? ಕೆಲವರ ಮೈಗೆ ಇದು ಆಗೋದಿಲ್ಲ. ಕುರಿ ಮೈಯಿಂದ ಉದುರೋ ಹೊಟ್ಟು ಆಗಲ್ಲ, ಬೂಷ್ಟು ಆಗಲ್ಲ, ಜಿರಲೆ ಆಗಲ್ಲ. ಇಂಥ ಹೊದಿಕೇಲಿ ಕಣ್ಣಿಗೆ ಕಾಣದ ಸಣ್ಣ ಹುಳ ಇರ್ತವೆ. ಅವು ಹೇಲ್ತವೆ. ಆ ಹೇಲು ಒಣಗಿ ಪುಡಿಯಾಗಿ ಮೂಗಿಗೆ ಹೋಗುತ್ತೆ. ಅದಕ್ಕೆ ಹೊಗೆ ಸೇರಿದ್ರೆ ಮುಗೀತು. ಮಗ್ಗ, ಉಣ್ಣೆ, ಕುರಿಮರಿ, ಎಲ್ಲ ಮನೆಯಿಂದ ಆಚೆ ಹಾಕಿ. ಹತ್ತಿ ಬಟ್ಟೆ ಹೊದಿಸಿ, ವಾರಕ್ಕೊಂದು ಸಲ ಕುದಿಯೋ ನೀರಿಗೆ ಹಾಕಿ ಒಗೀರಿ."

ಅಜ್ಜಿ ಕೂತಲ್ಲಿಂದ ಎದ್ದಳು. ಕಂಬಳಿಯನ್ನು ನನ್ನ ಮೈಮೇಲಿಂದ ಎಳೆದು, ಮಡಿಸಿ, ಎದೆಗೆ ಅವುಚಿಕೊಂಡಳು.

"ನಮ್ ಕಂಬ್ಳೀಲಿ ಹುಳ ಹೇಲ್ತದಂತೆ! ಬೀರಪ್ಪ ಕೂರೋ ಕಂಬ್ಳೀಲಿ! ನೀನು ಓದ್ದೋನಾಗಿ ಹುಳದ ಹೇಲು ಹುಡುಕ್ತಾ ಕೂತಿದ್ದೀಯಲ್ಲಪ್ಪ, ನಿಂಗೆ ಬ್ಯಾರೆ ಕ್ಯಾಮೆ ಇಲ್ವಾ?"

ಡಾಕ್ಟರು ನಕ್ಕುಬಿಟ್ಟರು. ಅಪ್ಪ ತಲೆ ಬಗ್ಗಿಸಿದ. ಬಸ್ಸಿನಲ್ಲಿ ಅಜ್ಜಿ ನಮ್ಮ ಜೊತೆ ಕೂರಲಿಲ್ಲ. ಮುಂದಿನ ಸೀಟಿನಲ್ಲಿ ಗುರುತಿಲ್ಲದ ಹೆಂಗಸಿನ ಪಕ್ಕ ಕೂತು, ದಾರಿಯುದ್ದಕ್ಕೂ ಅವಳಿಗೆ ಹುಳದ ಕಥೆ ಹೇಳಿದಳು. ನನಗೆ ಮಾತ್ರ ಆ ಮಾತು ಮೈಯೆಲ್ಲ ಹರಿದಾಡಿತು. ಅಷ್ಟು ದಿನ ನಾನು ಬರೀ ಕೂದಲು ತಿಂದಿದ್ದೇನೆಂದುಕೊಂಡಿದ್ದೆ.

ಅಪ್ಪ ಮಾತು ಕಡಿಮೆಯವನು, ಆದರೆ ತೀರ್ಮಾನಿಸಿದರೆ ತೀರ್ಮಾನಿಸಿದ. ಹಿತ್ತಲಿನ ಗೋಡೆಗೆ ಸೋಗೆ ಇಳಿಸಿ ಒಂದು ಚಪ್ಪರ ಮಾಡಿದ. ಅಲ್ಲಿ ಹೊಸ ಗುಂಡಿ ತೋಡಿದ. ಮನೆಯೊಳಗಿನ ಗುಂಡಿಗೆ ಮಣ್ಣು ತುಂಬಿಸುವ ದಿನ ನಾಲ್ಕು ಜನ ಬಂದು ಬಾಗಿಲಲ್ಲಿ ನಿಂತರು. ಆ ಗುಂಡಿ ಅವನ ತಾತನ ಕಾಲದ್ದು.

"ಏನ್ಲಾ ಸಿದ್ದ, ಎಣ್ಣು ಮಗೀಗೋಸ್ಕರ ಮಗ್ಗಾನೇ ಊತಾಕ್ಬುಟ್ಟಲ್ಲ?"

"ಮಗ್ಗ ಊತ್ರೆ ಇನ್ನೊಂದು ಕಡೆ ಎದ್ದೇಳ್ತದೆ ಬುಡಣ್ಣ," ಎಂದ ಅಪ್ಪ, ಸೀನುತ್ತ.

ಉಣ್ಣೆ, ಮಂಕರಿ, ಮರಿ, ಗಂಜಿಯ ಗಡಿಗೆ ಎಲ್ಲವೂ ಹಿತ್ತಲಿಗೆ ಹೋದವು. ಅವ್ವ ಗೋಡೆಗಳನ್ನು ಕೆರೆದಳು. ಕೆರೆದದ್ದು ಒಂದು ಮಂಕರಿ ತುಂಬ ಬಂತು. ಹೆಂಟೆಯ ಹಾಗೆ, ಕರಿಗಟ್ಟಿದ, ಜಿಡ್ಡಿನ ಕೂದಲಿನ ಹೆಂಟೆ. ಸುಣ್ಣ ಬಳಿದಳು. ಮಾಳಿಗೆಗೆ ಇನ್ನೊಂದು ಕಿಂಡಿ ಬಿತ್ತು. ಹಳೆ ಸೀರೆಗಳ ಕೌದಿ, ಹಳೆ ಬಟ್ಟೆ ತುಂಬಿದ ದಿಂಬು ನನಗೆ ಬಂದವು. ಅಜ್ಜಿ ತನ್ನ ಹಾಸಿಗೆಯನ್ನು ತಾನೇ ಎತ್ತಿಕೊಂಡು ಹಿತ್ತಲಿಗೆ ಹೋದಳು. ಹುಳಗಳ ಜೊತೆ ಇರುತ್ತೇನೆ ಎಂದಳು. ಹದಿನೈದು ದಿನ ನನ್ನ ಎದೆ ತಣ್ಣಗಿತ್ತು. ಆಮೇಲೆ ಒಂದು ದಿನ ಮತ್ತೆ ಗುರುಗುಟ್ಟಿತು. ಮತ್ತೆ ದಿನವೂ ಬಂತು. ಡಾಕ್ಟರು ಕೊಟ್ಟ ಮಾತ್ರೆ ಮುಗಿಯಿತು, ಇನ್ನೊಂದು ಪೊಟ್ಟಣ ತಂದರು, ಅದೂ ಮುಗಿಯುತ್ತ ಬಂತು. ಅಜ್ಜಿ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಮುಖದಲ್ಲಿ ಗೆಲುವಿತ್ತೋ ದಿಗಿಲಿತ್ತೋ, ಎರಡೂ ಇದ್ದಿರಬೇಕು.

"ಈಗೇನಂತೀರಪ್ಪ? ಈಗ ಯಾವ ಹುಳ ಹೇಲ್ತಾ ಐತೆ?"

ಚಪ್ಪರಕ್ಕೆ ಮಳೆಯ ಎರಚಲು ಹೊಡೆದು ಎರಡು ಕಂಬಳಿ ಹಾಳಾಗಿದ್ದವು. ಮಗ್ಗವನ್ನು ಒಳಗೆ ತರೋಣವೇ ಎಂದು ಅಪ್ಪನೂ ಒಂದು ಮಾತು ಆಡಿದ. ಮಣ್ಣು ತುಂಬಿದ ಆ ಜಾಗವನ್ನು ಕಾಲಿನಿಂದ ಒತ್ತಿ ನೋಡಿದ್ದನ್ನು ನಾನು ಕಂಡಿದ್ದೇನೆ. ಅವ್ವ ಇನ್ನೊಂದೇ ಒಂದು ವಾರದ ಗಡುವು ಕೇಳಿದಳು.

ಆ ವಾರದ ಒಂದು ಬೆಳಗ್ಗೆ ಅವ್ವ ನನ್ನ ದಿಂಬನ್ನು ಕುದಿಯುವ ನೀರಿಗೆ ಹಾಕಿದಳು. ಅದುವರೆಗೆ ಮೇಲಿನ ಗವುಸನ್ನಷ್ಟೇ ಒಗೆಯುತ್ತಿದ್ದಳು. ಹಂಡೆಯಿಂದ ಒಂದು ವಾಸನೆ ಎದ್ದಿತು. ಅಂಗಳದಲ್ಲಿ ಆಡುತ್ತಿದ್ದ ನಾನು ತಿರುಗಿ ನೋಡುವಷ್ಟು ಗುರುತಿನ ವಾಸನೆ. ಅವ್ವ ಕೋಲಿನಿಂದ ದಿಂಬನ್ನು ಎತ್ತಿ, ಕಲ್ಲಿನ ಮೇಲೆ ಹಾಕಿ, ಹೊಲಿಗೆಯನ್ನು ಹಲ್ಲಿನಿಂದ ಕಿತ್ತಳು. ಹಳೆ ಬಟ್ಟೆಗಳ ನಡುವೆ, ಕರುಳಿನ ಹಾಗೆ ಸುತ್ತಿಕೊಂಡು, ಕರಿ ಉಣ್ಣೆ ಹೊರಬಂತು. ತೊಳೆಯದ ಉಣ್ಣೆ. ಹಿಕ್ಕೆ ಸಮೇತ. ಬಿಸಿನೀರಿಗೆ ಜಿಡ್ಡು ಬಿಟ್ಟು ಅದು ಕಲ್ಲಿನ ಮೇಲೆ ಕಂದು ರಸ ಸುರಿಸುತ್ತಿತ್ತು. ನಾನು ಪ್ರತಿ ರಾತ್ರಿ ಕೆನ್ನೆ ಇಟ್ಟು ಮಲಗುತ್ತಿದ್ದುದು ಅದರ ಮೇಲೆ. ಅಲ್ಲೇ ಬಗ್ಗಿ ವಾಂತಿ ಮಾಡಿದೆ.

"ಅತ್ತೇ!" ಎಂದು ಅವ್ವ ಕೂಗಿದ್ದಕ್ಕೆ ಅಪ್ಪನೂ ಎದ್ದು ಬಂದ.

ಅಜ್ಜಿ ಬಂದಳು. ಉಣ್ಣೆಯನ್ನು ನೋಡಿದಳು.

"ನಾನೇ ಇಟ್ಟೆ," ಎಂದಳು. "ಒಂದು ಇಡಿಯಷ್ಟೇ. ಮೊದಲ್ನೇ ತುಪ್ಪಟ ತಲೆ ಅಡೀಲಿರ್ಲಿ ಅಂತ ಇಟ್ಟೆ. ಮಗ ಬರಿಮೈಲಿ ಮಲಗ್ತದೆ. ಕಾಯೋರು ಯಾರು?"

"ಒಂದ್ ಇಡೀನಾ ಅತ್ತೆ ಇದು? ನನ್ನ ಮಗೀನ ಕೊಲ್ಬೇಕು ಅಂತಲೇ ಕೂತಿದ್ದೀರಾ?"

"ಏನಂದೆ?"

"ಈರಮ್ಮನ್ನ ಕೊಂದಂಗೆ ಇವಳ್ನೂ ಕೊಲ್ತೀರಾ ಅಂದೆ!"

ಅಪ್ಪ ಅವ್ವನ ಮೇಲೆ ಕೈಯೆತ್ತಿದ, ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ತನ್ನ ತಲೆಯ ಮೇಲೇ ಇಟ್ಟುಕೊಂಡ. ಅಜ್ಜಿ ಬಗ್ಗಿ, ಒದ್ದೆ ಉಣ್ಣೆಯನ್ನು ಒಂದೆಳೆಯೂ ಬಿಡದೆ ಮಡಿಲಿಗೆ ಹಾಕಿಕೊಂಡು ಹಿತ್ತಲಿಗೆ ಹೋದಳು.

ಈರಮ್ಮ ಯಾರೆಂದು ನನಗೆ ಆವತ್ತು ಮಧ್ಯಾಹ್ನ ಅವ್ವನೇ ಹೇಳಿದಳು. ಹೇಳಬಾರದ ಮಾತು ಆಡಿಬಿಟ್ಟೆನೆಂದು ಅಳುತ್ತ ಹೇಳಿದಳು. ಅಪ್ಪನಿಗಿಂತ ಮೊದಲು ಹುಟ್ಟಿದ ಅಜ್ಜಿಯ ಮಗಳು. ಅವಳಿಗೂ ಮೈ ತುರಿಕೆ, ಅವಳಿಗೂ ಗೂರಲು. ಒಂಬತ್ತು ವರ್ಷಕ್ಕೆ, ಮಾಗಿಯ ಚಳಿಯಲ್ಲಿ, ಅಜ್ಜಿಯ ತೊಡೆಯ ಮೇಲೆ, ಅದೇ ಥರದ ಕಂಬಳಿಯ ಒಳಗೆ ಹೋಗಿಬಿಟ್ಟಳಂತೆ. ಮಗುವಿಗೆ ಕೊನೆಯವರೆಗೂ ಚಳಿ ತಾಕಲು ಬಿಡಲಿಲ್ಲವೆಂದು ಊರೆಲ್ಲ ಅಜ್ಜಿಯನ್ನು ಹೊಗಳಿತ್ತಂತೆ. ಆ ಒಂದು ಹೊಗಳಿಕೆಯ ಮೇಲೆ ಅವಳು ಅಷ್ಟು ವರ್ಷ ಬದುಕಿದ್ದಳು. ಕಂಬಳಿ ಆಗುವುದಿಲ್ಲ ಎಂದು ಒಪ್ಪಿದರೆ ಆ ಹೊಗಳಿಕೆ ಏನಾಗುತ್ತದೆಂದು ಎಂಟು ವರ್ಷದ ನನಗೂ ಅರ್ಥವಾಯಿತು. ಅರ್ಥವಾಯಿತು ಎಂಬುದನ್ನು ಇಲ್ಲಿ ಒತ್ತಿ ಬರೆಯುತ್ತೇನೆ, ಏಕೆಂದರೆ ಮುಂದಿನದನ್ನು ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳುವ ಹಾಗಿಲ್ಲ.

ಮೂರು ದಿನ ಅಜ್ಜಿ ಒಳಗೆ ಬರಲಿಲ್ಲ. ಅವ್ವ ಊಟ ಇಟ್ಟರೆ ಹಿತ್ತಲಲ್ಲೇ ತಿನ್ನುತ್ತಿದ್ದಳು. ನಾಲ್ಕನೆಯ ದಿನ ಹಿತ್ತಲಿನ ಬೇವಿನ ಮರದ ಕೆಳಗೆ ಉಣ್ಣೆ ಬಿಡಿಸುತ್ತ ಕೂತಿದ್ದಳು. ನನಗೆ ಆ ಹೊತ್ತಿಗಾಗಲೇ ಉಸಿರು ಹಗುರಾಗಿತ್ತು, ಹೊಸ ದಿಂಬು ಬಂದಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ಕರೆದಳು, ಆದರೆ ಹತ್ತಿರ ಬಾ ಅನ್ನಲಿಲ್ಲ.

"ಅಲ್ಲೇ ನಿಂತ್ಕೊ. ಒಂದು ಮಾತು ಕೇಳ್ತೀನಿ, ದಿಟ ಏಳು. ನಿಂಗೆ ಕಂಬ್ಳಿ ಒದ್ದುಸ್ದಾಗ ಒಳಗೆ ಎಂಗಾಯ್ತದೆ?"

ಸುಮ್ಮನೆ ಏನೂ ಆಗಲ್ಲ ಅನ್ನಬಹುದಿತ್ತು. ಗೊತ್ತಿಲ್ಲ ಅನ್ನಬಹುದಿತ್ತು. ನನ್ನ ಕಣ್ಣ ಮುಂದೆ ಬಾವಲಿಯ ಮುಖವಿತ್ತು, ದಿಂಬಿನಿಂದ ಸುರಿದ ಕಂದು ರಸವಿತ್ತು, ಮೂರು ವರ್ಷ ಮೂಗಿಗೆ ಒತ್ತಿದ ಜಿಡ್ಡಿತ್ತು. ಒಂದೊಂದನ್ನೂ ಹೇಳಿದೆ. ಕಣ್ಣಲ್ಲಿ ಮುಳ್ಳಾಡುತ್ತದೆ ಎಂದೆ. ಗಂಟಲಿಗೆ ಯಾರೋ ಕೂದಲು ತುರುಕಿದ ಹಾಗಾಗುತ್ತದೆ ಎಂದೆ. ನಿನ್ನ ತೋಳು ಬಿಗಿಯಾದಷ್ಟೂ ಎದೆ ಮುಚ್ಚುತ್ತದೆ, ನಿನ್ನ ಸೀರೆಯ ವಾಸನೆಗೆ ಕರುಳು ಬಾಯಿಗೆ ಬರುತ್ತದೆ ಎಂದೆ. ಅವಳ ಕೈಯಲ್ಲಿದ್ದ ಉಣ್ಣೆ ಅಲ್ಲೇ ನಿಂತಿತು.

"ಬ್ಯಾಡ ಅಜ್ಜಿ, ತೆಗಿ ಅಂತ ಏಳ್ಬೋದಾಗಿತ್ತಲ್ಲ ಮಗ?"

"ಉಸುರಿಲ್ದೆ ಎಂಗೆ ಏಳಾದು?"

ಅಜ್ಜಿ ಉಣ್ಣೆಯನ್ನು ತೊಡೆಯ ಮೇಲಿಟ್ಟು ಎರಡೂ ಕೈ ಎತ್ತಿದಳು.

"ಅದು ಕೈ ಆಡುಸ್ತಾ ಇತ್ತು," ಎಂದಳು. ಈರಮ್ಮನ ಹೆಸರು ಹೇಳಲಿಲ್ಲ. "ಎಲ್ಡೂ ಕೈ ಇಂಗೆ, ಇಂಗೆ. ಚಳಿಗೆ ನಡುಗ್ತಾ ಐತೆ ಅಂತ ನಾನು ಇನ್ನೂ ಬಿಗ್ಯಾಗಿ ಸುತ್ತುದೆ. ನಡುಗ್ತಿತ್ತು ಅಲ್ವಾ ಅದು?"

ಅವಳು ನನ್ನನ್ನು ಕೇಳಿದಳು. ಎಂಟು ವರ್ಷದವಳನ್ನು. ಆ ಮನೆಯಲ್ಲಿ ಕಂಬಳಿಯ ಒಳಗಿನಿಂದ ಬದುಕಿ ಹೊರಬಂದವಳು ನಾನೊಬ್ಬಳೇ, ಬೇರೆ ಯಾರನ್ನು ಕೇಳಬೇಕು?

"ಇಲ್ಲ," ಎಂದೆ. "ತಳ್ತಾ ಇತ್ತು. ನಾನೂ ಅಂಗೇ ತಳ್ತೀನಿ."

ಆಮೇಲೆ ದೊಡ್ಡವಳಾಗಿ ನಾನು ಎಷ್ಟೋ ಡಾಕ್ಟರುಗಳನ್ನು ಕಂಡಿದ್ದೇನೆ. ಕಂಬಳಿಯೊಂದೇ ಯಾರನ್ನೂ ಕೊಲ್ಲುವುದಿಲ್ಲ, ಹೊಗೆ, ಚಳಿ, ದೂಳು, ಹುಟ್ಟಿನಿಂದ ಬಂದ ಮೈಗುಣ ಎಲ್ಲ ಸೇರುತ್ತವೆ, ಹೊತ್ತಿಗೆ ಸರಿಯಾಗಿ ಒಂದು ಸೂಜಿ ಸಿಕ್ಕಿದ್ದರೆ ಆ ಮಗು ಉಳಿಯುತ್ತಿತ್ತು ಎಂದು ಅವರಲ್ಲೊಬ್ಬರು ಹೇಳಿದರು. ಅದನ್ನು ಕೇಳಬೇಕಾಗಿದ್ದವಳು ಆ ಹೊತ್ತಿಗೆ ಇರಲಿಲ್ಲ. ಆವತ್ತು ಅವಳಿಗೆ ಸಿಕ್ಕಿದ್ದು ನನ್ನ ಉತ್ತರ ಮಾತ್ರ. ಅದು ದಿಟವೇ. ಆದರೆ ಅದನ್ನು ಹೇಳುವಾಗ ನನಗೆ ಹಿತವಾಗಿತ್ತು, ಹುಣ್ಣಿನ ಹಕ್ಕಳೆ ಕಿತ್ತಾಗ ಆಗುವ ಹಿತ. ಆ ಮನೆಯಲ್ಲಿ ನಾನು ಕಂಡು ಅಸಹ್ಯಪಟ್ಟದ್ದನ್ನೆಲ್ಲ ಒಂದು ಕಡೆ ಇಟ್ಟು ಆ ಹಿತವನ್ನು ಇನ್ನೊಂದು ಕಡೆ ಇಟ್ಟರೆ, ನನಗೆ ಹೆಚ್ಚು ವಾಕರಿಕೆ ಬರುವುದು ಯಾವುದರಿಂದ ಎಂದು ಈಗ ಚೆನ್ನಾಗಿ ಗೊತ್ತು.

ಅಜ್ಜಿ ಉಣ್ಣೆಯನ್ನು ಮಂಕರಿಗೆ ಹಾಕಿ ಎದ್ದಳು. ತೊಟ್ಟಿಯ ಹತ್ತಿರ ಹೋಗಿ, ಬೂದಿ ಹಚ್ಚಿ, ಮೊಣಕೈವರೆಗೆ ಕೈ ತೊಳೆದಳು. ಮತ್ತೆ ಬೂದಿ ಹಚ್ಚಿದಳು, ಮತ್ತೆ ತೊಳೆದಳು. ಸೆರಗಿಗೆ ಒರೆಸಿಕೊಳ್ಳಲು ಹೋದವಳು, ಸೆರಗನ್ನು ನೋಡಿ, ಬಿಟ್ಟಳು. ಒದ್ದೆ ಕೈಗಳನ್ನು ಮೈಗೆ ತಾಗದ ಹಾಗೆ ಮುಂದೆ ಚಾಚಿಕೊಂಡು ಬಿಸಿಲಿಗೆ ನಿಂತಳು. ನನ್ನ ಕಡೆ ನೋಡಿದಳು. ಕೈ ಒಣಗುವವರೆಗೂ ಹಾಗೇ ನಿಂತಿದ್ದಳು. ನಾನು ಬಾಗಿಲು ಬಿಟ್ಟು ಕದಲಲಿಲ್ಲ.